ಬೆಳೆಯುವ ಹುಡುಗಿ, ಹೆದರುವ ನಾವು

ಕನಕಪುರದ ಒಂದು ಶಾಲೆಯಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ನಾನು ಸಹಾಯಕ ಕೋಚ್. ಇಲ್ಲಿ ಚೆಂಡಿಗೆ ಹೆದರುವವರು ಕಡಿಮೆ. ಮಿಕ್ಕಿದ್ದಕ್ಕೆಲ್ಲ ಯಾರಾದರೂ ಹೆದರುತ್ತಲೇ ಇರುತ್ತಾರೆ, ಹೆಚ್ಚಾಗಿ ನಾನೇ. ಅದರಲ್ಲೂ ಎಂಟನೇ ಕ್ಲಾಸಿನ ಒಬ್ಬಳು ಬೇಸಿಗೆ ರಜೆಯಲ್ಲಿ ಸರ್ರನೆ ಬೆಳೆದುಬಿಟ್ಟ ಮೇಲೆ.

೧. ಅಳತೆ

ಮಕ್ಕಳು ಹೀಗೆ ಬೆಳೆಯುವಾಗ ಆಗಾಗ ಎತ್ತರ ನೋಡಿ, ಅದಕ್ಕೆ ತಕ್ಕಂತೆ ತರಬೇತಿ ಹಗುರ ಮಾಡಬೇಕು. ಟೇಪ್ ಹಿಡಿದು ಅವಳನ್ನು ಗೋಡೆಗೆ ನಿಲ್ಲಿಸಿದೆ. ಕರೆದುಕೊಂಡು ಹೋಗಲು ಬಂದಿದ್ದ ಅವಳ ಅಜ್ಜಿ ಗೇಟಿನಿಂದಲೇ ಕೂಗಿದರು.

“ಬೆಳೆಯೋ ಮಗೀನ ಉದ್ದ ಅಳೀತಾರೇನವ್ವಾ? ಹೆಣಕ್ಕೆ ಗುಂಡಿ ತೋಡೋವಾಗ ಅಳೆಯೋದು ಕಣವ್ವಾ ಹಂಗೆ!”

ಟೇಪ್ ಕೈಜಾರಿ ಬಿತ್ತು. ನನ್ನ ಮುಖ ನೋಡಿ ಅಜ್ಜಿಗೇ ಪಾಪ ಅನ್ನಿಸಿರಬೇಕು. “ಬಟ್ಟೆ ಹೊಲಿಯಕ್ಕಾ?” ಅಂದರು.

ಇದನ್ನೆಲ್ಲ ನಾನು ಓದಿದ್ದು ಇಂಗ್ಲಿಷಿನಲ್ಲಿ, ಆ ಹೊತ್ತಿಗೆ ಯಾವ ಭಾಷೆಯೂ ಬರಲಿಲ್ಲ. “ಹೂಂ” ಅಂದುಬಿಟ್ಟೆ.

ಮರುದಿನ ಅಜ್ಜಿ ರವಿಕೆ ಬಟ್ಟೆ ತಂದು ಕೈಗಿಟ್ಟರು. “ಹಂಗೇ ನಂದೂ ಒಂದು ಹೊಲ್ದುಬುಡವ್ವಾ. ತೋಳು ಒಸಿ ಸಡಿಲ ಇರ್ಲಿ.”

೨. ಮಂಡಿ

ಬೆಳೆದ ಮೇಲೆ ಹುಡುಗಿಯ ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಕಣ್ಣು ಮುಚ್ಚಿ ಚೆಂಡನ್ನು ಬುಟ್ಟಿಗೆ ಹಾಕುತ್ತಿದ್ದವಳು ಈಗ ತನ್ನ ಪಾದಕ್ಕೇ ಎಡವುತ್ತಿದ್ದಳು, ಮಂಡಿ ನೋವು ಅನ್ನುತ್ತಿದ್ದಳು. ಕೋಚ್ ಸರ್ ವಿಸಿಲ್ ಊದಿ, “ಯಾರ ಕಾಲು ಹಾಕ್ಕೊಂಡ್ ಬಂದಿದ್ದೀಯಮ್ಮಾ?” ಅನ್ನುತ್ತಿದ್ದರು.

ಮೂಳೆ ಮುಂದೆ ಓಡಿದೆ, ಸ್ನಾಯು ಹಿಂದೆ ಉಳಿದಿದೆ. ಮಂಡಿ ಚಿಪ್ಪಿನ ಕೆಳಗೆ ಎಳೆತ ಬೀಳುತ್ತದೆ. ಸ್ವಲ್ಪ ದಿನ ಜಿಗಿತ ಕಡಿಮೆ ಮಾಡೋಣ. ಇಷ್ಟನ್ನು ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡು ಹೋದೆ. ಸರ್ ಎದುರು ಬಾಯಿಂದ ಹೊರಟಿದ್ದು ಇಷ್ಟೇ: “ಸರ್, ಮಂಡಿ.”

ಸರ್ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನಂಗೂ ಐತೆ ಕಣಮ್ಮಾ. ಯಾರಿಗೂ ಹೇಳ್ಬೇಡ.”

ಆಮೇಲೆ ಬಿಡಿಸಿ ಹೇಳಿದೆ. ಅಂದಿನಿಂದ ಅವಳಿಗೆ ಜಿಗಿತ ಬಂದ್, ನಿಂತಲ್ಲಿಂದಲೇ ಚೆಂಡು. ಸರ್‌ಗೂ ಅಷ್ಟೇ.

೩. ಕಣ್ಣು

ಆದರೆ ಅಜ್ಜಿಯ ಪ್ರಕಾರ ಮಂಡಿ ನೋವಿಗೆ ಕಾರಣ ಬೇರೆ. “ಆಟದ ನಡುಮಧ್ಯ ಇಷ್ಟುದ್ದ ನಿಂತ್ಕಂಡ್ರೆ ಊರ ಕಣ್ಣೆಲ್ಲಾ ಇವಳ ಮ್ಯಾಲೇ ಬೀಳ್ತದೆ. ಇವತ್ತೊಂದಿನ ಆಡ್ಲಿ. ನಾಳೆಯಿಂದ ಬ್ಯಾಡ.”

ಇದನ್ನು ಹೇಳಿದ್ದು ರಾಮನಗರದ ಮ್ಯಾಚಿಗೆ ಹೊರಟ ಬಸ್ಸಿನಲ್ಲಿ. ಹುಡುಗಿ ನನ್ನ ತೋಳು ಹಿಡಿದು ಅಳುತ್ತಾ, “ಮಿಸ್, ನೀವಾದ್ರೂ ಅಜ್ಜಿಗೆ ಹೇಳಿ” ಅಂದಳು. ದಾರಿಯುದ್ದಕ್ಕೂ ಅಜ್ಜಿಯ ಪಕ್ಕವೇ ಕೂತಿದ್ದೆ. ಮತ್ತೆ ಮತ್ತೆ ಕೇಳಿದ್ದು ಒಂದೇ: “ಅಜ್ಜೀ, ನೀರು ಬೇಕಾ?”

ಕೋರ್ಟಿಗೆ ಎದುರು ತಂಡ ಬಂತು. ಕೊನೆಯಲ್ಲಿ ಒಬ್ಬಳು ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದಳು. ನಮ್ಮವಳು ಅವಳ ಭುಜಕ್ಕೆ ಬಂದರೆ ಹೆಚ್ಚು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಆಟ ಮುಗಿಯುವವರೆಗೂ ಆ ಉದ್ದನೆಯವಳನ್ನೇ ನೋಡಿದರು. ನಾವು ಚೆನ್ನಾಗಿ ಸೋತೆವು.

ಇನ್ನು ಇವಳ ಆಟ ಮುಗಿಯಿತು ಅಂದುಕೊಂಡು ಹುಡುಗಿಯ ಬ್ಯಾಗು ಎತ್ತಿ ಅಜ್ಜಿಗೆ ಕೊಡಹೋದೆ. ಅಜ್ಜಿ ತೆಗೆದುಕೊಳ್ಳಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ನಿರಾಳವಾಗಿ ನಕ್ಕರು.

“ನಾಳೆಯಿಂದ ದಿನಾ ಕಳುಸ್ತೀನಿ ಕಣವ್ವಾ. ಆದ್ರೆ ಒಂದು ಮಾತು. ಎಲ್ಲೇ ಆಡಿಸಿದ್ರೂ ಇವಳ್ನ ಆ ಉದ್ದನೆ ಹುಡುಗಿ ಪಕ್ಕದಲ್ಲೇ ನಿಲ್ಸು. ಊರ ಕಣ್ಣೆಲ್ಲಾ ಅವಳ ಮ್ಯಾಲೇ ಬೀಳ್ಲಿ.”