ನನ್ನ ಕಪ್ಪು ಕ್ರೆಯಾನ್ ಕಸಿದುಕೊಂಡ ಮೇಷ್ಟ್ರು

ನಮ್ಮ ಡ್ರಾಯಿಂಗ್ ಮೇಷ್ಟ್ರು ಕಳ್ಳರು! ಬೇಕಾದರೆ ಹರಿಹರದ ಸೇತುವೆ ಮೇಲೆ ನಿಂತು ಕೂಗಿ ಹೇಳುತ್ತೇನೆ. ಆರನೇ ಕ್ಲಾಸಿನಲ್ಲಿ ನನ್ನ ಹೊಸ ಡಬ್ಬಿಯ ಕಪ್ಪು ಕ್ರೆಯಾನ್ ಕಸಿದುಕೊಂಡವರು ಮೂವತ್ತು ವರ್ಷವಾದರೂ ವಾಪಸ್ ಕೊಟ್ಟಿಲ್ಲ. ಮೊದಲು ನನ್ನದು, ಅದರ ಬೆನ್ನಿಗೇ ಇಡೀ ಕ್ಲಾಸಿನದು. "ಕಪ್ಪು ಅನ್ನೋ ಬಣ್ಣನೇ ಇಲ್ಲ. ಕಣ್ಣು ಬಿಟ್ಟು ನೋಡ್ರಿ," ಎನ್ನುತ್ತ ಎಲ್ಲವನ್ನೂ ಜುಬ್ಬಾದ ಜೇಬಿಗೆ ಇಳಿಸಿಕೊಂಡರು.

ಆಮೇಲೆ ನಮ್ಮ ಕಾಗೆಗಳೆಲ್ಲ ನೀಲಿ, ಎಮ್ಮೆಗಳೆಲ್ಲ ನೇರಳೆ! ಹೆಡ್ ಮೇಷ್ಟ್ರು ಬಂದು ಗದರಿದರು: "ಏನ್ರೀ ಇದು, ಕಾಗೆ ಯಾಕ್ರೀ ನೀಲಿ ಐತೆ?"

"ಕಿಟಕ್ಯಾಗೆ ಕುಂತೈತೆ ನೋಡ್ರಿ ಸಾರ್, ಅದನ್ನೇ ಕೇಳ್ರಿ," ಎಂದರು ನಮ್ಮ ಡ್ರಾಯಿಂಗ್ ಮೇಷ್ಟ್ರು.

ಅಲ್ಲಿಗೆ ಮುಗಿದಿದ್ದರೆ ಕ್ಷಮಿಸುತ್ತಿದ್ದೆ. ಈಗ ದಾವಣಗೆರೆಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಹೊಂದುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು ಮಾರುವ ಅಂಗಡಿ. ಮೊನ್ನೆ ಹದಡಿಯಿಂದ ಬಂದ ಹೆಂಗಸು ಕೇಳಿದ್ದು ಒಂದು ಮೀಟರ್ ಕಪ್ಪು ಲೈನಿಂಗ್. ಕೊಟ್ಟು ಕಳಿಸಬಾರದೆ? ನನ್ನ ಬಾಯಿ ಸುಮ್ಮನಿದ್ದರೆ ತಾನೇ!

"ಯಾವ ಕಪ್ಪು ಬೇಕ್ರಿ? ಇದ್ರಾಗೆ ಹಸಿರು ಐತೆ, ಇದ್ರಾಗೆ ಕೆಂಪು ಐತೆ. ಬಿಸಿಲಿಗೆ ಬರ್ರಿ, ತೋರಿಸ್ತೀನಿ."

"ಅಯ್ಯ ನಮ್ಮವ್ವ, ಒಳಗೆ ಹಾಕೋ ಲೈನಿಂಗ್ ಯಾರ್ ನೋಡ್ತಾರೆ? ನನ್ ಬಸ್ ಹೋಗ್ತೈತೆ!" ಎಂದು ಆಕೆ ಪಕ್ಕದ ಅಂಗಡಿಗೇ ನಡೆದಳು.

ನಮ್ಮ ಯಜಮಾನರು ನಕ್ಕರು. ಅವರಾದರೂ ಸುಖವಾಗಿದ್ದಾರೆಯೇ? ನೆಂಟರ ಮದುವೆಗೆಂದು ತಲೆಗೆ ಡೈ ಹಾಕಿಸಿಕೊಂಡು ಬಂದಾಗ "ನೇರಳೆ ಹೊಡಿತೈತೆ," ಎಂದಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು. "ನಿಮ್ ಮೇಷ್ಟ್ರು ನಮ್ ಅಂಗಡಿ ಮುಚ್ಚಿಸೇ ಬಿಡ್ತಾರೆ," ಎಂದರು ನಗುತ್ತಲೇ.

ನನಗೆ ರೇಗಿಹೋಯಿತು. ಮರುದಿನವೇ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಎಂಬತ್ತು ದಾಟಿದ ಮೇಷ್ಟ್ರು ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕಣ್ಣು ಕಿರಿದು ಮಾಡಿ, "ಸೀರೆಗೂ ಬ್ಲೌಸಿಗೂ ಹೊಂದಿಲ್ಲಲ್ಲವ್ವ," ಎಂದರು. ಯಾರಿಗೆ? ಮ್ಯಾಚಿಂಗ್ ಸೆಂಟರಿನವಳಿಗೆ!

"ಅದಿರಲಿ ಸಾರ್, ನನ್ ಕಪ್ಪು ಕ್ರೆಯಾನ್ ಕೊಡ್ರಿ."

"ಕೊಡಲ್ಲ. ಅದನ್ನ ಎಲ್ಲಿಗೆ ಹಚ್ಚಿದ್ದಿ, ನೆನಪೈತಾ?"

ನೆನಪಿಲ್ಲದೆ ಏನು? ಅಂದು ಅವರು ನಿಮ್ಮ ನಿಮ್ಮ ಮುಖ ಬರೆಯಿರಿ ಎಂದಿದ್ದರು. ಮನೆಯಲ್ಲೂ ಓಣಿಯಲ್ಲೂ ನನ್ನನ್ನು ಕರೆಯುತ್ತಿದ್ದುದೇ ಕರಿಯವ್ವ ಎಂದು. ಕಣ್ಣು, ಮೂಗು ಯಾವುದೂ ಕಾಣದಂತೆ ಮುಖದ ತುಂಬ ಕಪ್ಪು ತಿಕ್ಕಿದ್ದೆ. ಮೇಷ್ಟ್ರು ನನ್ನನ್ನು ಕಿಟಕಿಯ ಹತ್ತಿರ ಕರೆದು, ಕೈಯನ್ನು ಬಿಸಿಲಿಗೆ ಹಿಡಿಯಲು ಹೇಳಿ, "ಎಲ್ಲೈತವ್ವ ಕಪ್ಪು? ತೋರ್ಸು," ಎಂದಿದ್ದರು. ಹುಡುಕಿದೆ. ತಾಮ್ರದ ಬಣ್ಣವಿತ್ತು, ಇಟ್ಟಿಗೆಯ ಕೆಂಪಿತ್ತು, ಬೆರಳ ಗೆಣ್ಣುಗಳಲ್ಲಿ ನೇರಳೆಯೂ ಇತ್ತು. ಕಪ್ಪು ಮಾತ್ರ ಸಿಗಲಿಲ್ಲ.

"ಅದಕ್ಕೆ ಇಡೀ ಕ್ಲಾಸಿಂದು ಯಾಕೆ ಕಸ್ಕಂಡ್ರಿ ಸಾರ್?"

"ನಿಂದೊಂದೇ ಕಸ್ಕಂಡಿದ್ರೆ ನೀನು ಅಳ್ತಿದ್ದಿ," ಎಂದರು.

ಮೂವತ್ತು ವರ್ಷ ತಡವಾಗಿ, ಆ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತು ಗಳಗಳ ಅತ್ತುಬಿಟ್ಟೆ.