ಅಕ್ಷರ ಇಲ್ಲದ ಪುಸ್ತಕದ ಪೆಟ್ಟಿಗಿ

ಸಣ್ಣ ಹುಡುಗರ ಮುಂದೆ ಪುಸ್ತಕ ಹಿಡಿದು ಕುಂತರೆ ಏನಾದರೊಂದು ಆಗೇ ಆಗುತ್ತದೆ, ಆದದ್ದಕ್ಕೆಲ್ಲ ಬೈಗುಳ ನನ್ನ ಪಾಲಿಗೆ ಬರುತ್ತದೆ. ಅದರಲ್ಲಿ ಅರ್ಧ ಮಾತ್ರ ನನ್ನ ತಪ್ಪು. ಉಳಿದ ಅರ್ಧ ಹುಡುಗರದು. ಆದರೆ ಅವರಿಗೆ ನಾಲ್ಕು ವರ್ಷ, ಬೈದರೆ ಅಳುತ್ತಾರೆ. ನಾನು ಅಳೋದಿಲ್ಲ, ಅದಕ್ಕೇ ನನಗೆ.

ನಮ್ಮಕ್ಕ ಭಾಲ್ಕಿಯಲ್ಲಿ ಅಂಗನವಾಡಿ ಟೀಚರ್. ನಾನು ಹತ್ತನೇ ಕ್ಲಾಸಿನ ಗಣಿತಕ್ಕೂ ನನಗೂ ಆಗಿಬರದೆ ಸಾಲಿ ಬಿಟ್ಟವನು. ಈ ವರ್ಷ ಬೀದರದ ಮ್ಯಾಡಮ್ ಒಬ್ಬರು ಅಕ್ಕನಿಗೆ ಒಂದು ಪೆಟ್ಟಿಗೆ ಚಿತ್ರದ ಪುಸ್ತಕ ಕೊಟ್ಟುಹೋದರು. ಬರೀ ಚಿತ್ರ. ಎಷ್ಟು ಹುಡುಕಿದರೂ ಒಂದು ಪುಸ್ತಕದಲ್ಲಿ ನಾಲ್ಕು ಅಕ್ಷರ ಸಿಕ್ಕರೆ ಹೆಚ್ಚು. ಕರಾರು ಏನಂದರೆ, ಮೂರು ತಿಂಗಳಾದ ಮೇಲೆ ಅವರು ಬಂದು ನೋಡುತ್ತಾರೆ. ಹುಡುಗರು ಚಿತ್ರ ನೋಡಿ ತಾವೇ ಕಥೆ ಹೇಳಿದರೆ ಪೆಟ್ಟಿಗೆ ನಮ್ಮದು. ಬಾಯಿ ಮುಚ್ಚಿ ಕುಂತರೆ ಪೆಟ್ಟಿಗೆ ಔರಾದಿನ ಅಂಗನವಾಡಿಗೆ ಹೋಗುತ್ತದೆ.

ಅಕ್ಕನಿಗೆ ಆ ಪೆಟ್ಟಿಗೆ ಅಂದರೆ ಜೀವ. ಅದು ಬಂದ ಮೇಲೆ ಹುಡುಗರು ಅಳದೆ ಬರತೊಡಗಿದ್ದರು. ಅದಕ್ಕೂ ಮುಂಚೆ ಅಲ್ಲಿ ನೋಡೋದಕ್ಕೆ ಗೋಡೆಯ ಮೇಲೊಂದು ಹಣ್ಣಿನ ಚಾರ್ಟು, ಅದು ಬಿಟ್ಟರೆ ಅಕ್ಕನ ಮುಖ, ಎರಡೇ ಇದ್ದವು.

"ಮನ್ಯಾಗ ಖಾಲಿ ಕುಂತೀದಿ, ಬಂದು ಪುಸ್ತಕ ತೋರಿಸು," ಅಂದಳು ಅಕ್ಕ. "ಆದ್ರ ಕಥಿ ನೀ ಹೇಳಬ್ಯಾಡ. ಏನು ಕಾಣಸ್ತದ ಅಂತ ಕೇಳಿ ಸುಮ್ನ ಕುಂಡ್ರು. ಕಥಿ ಅವರು ಹೇಳಬೇಕು."

ಓದೋದಿಲ್ಲ, ಹೇಳೋದಿಲ್ಲ, ಸುಮ್ಮನೆ ಕುಂಡ್ರೋದು. ಇಂಥ ಕೆಲಸ ಇದೆ ಅಂತ ಮೊದಲೇ ಗೊತ್ತಿದ್ದರೆ ಸಾಲಿ ಒಂಬತ್ತಕ್ಕೇ ಬಿಡುತ್ತಿದ್ದೆ.

ಕುರಿ ಬಿಟ್ಟು ಮಲಗಿದವ

ಮೊದಲ ದಿನ ತೆಗೆದ ಪುಸ್ತಕದಲ್ಲಿ ಒಂದು ಗುಡ್ಡ, ಗುಡ್ಡದ ತುಂಬ ಕುರಿ, ಮರದ ಕೆಳಗೆ ಮುಖದ ಮೇಲೆ ಟೊಪ್ಪಿಗೆ ಹಾಕಿಕೊಂಡು ಮಲಗಿದ ಒಬ್ಬ ಮನುಷ್ಯ. "ಏನು ಕಾಣಸ್ತದ?" ಅಂತ ಕೇಳಿ ಸುಮ್ಮನೆ ಕುಂತೆ.

ಎಲ್ಲರೂ "ಕುರಿ" ಅಂದರು. ಒಬ್ಬ ಮಾತ್ರ ಮುಂದೆ ಸರಿದು ಬಂದ. ಅವನ ಮನೆಯಲ್ಲಿ ಕುರಿ ಸಾಕುತ್ತಾರೆ. ಚಿತ್ರಕ್ಕೆ ಮೂಗು ಹಚ್ಚಿ ನೋಡಿದವನೇ ಎದ್ದು ಹೊರಗೆ ಓಡಿದ. ಐದು ನಿಮಿಷದಲ್ಲಿ ಅವರ ಅಜ್ಜನನ್ನು ಕೈ ಹಿಡಿದು ಎಳಕೊಂಡು ಬಂದ. ಅಜ್ಜನ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

"ಯಾವನಲೇ ಅವ, ಕುರಿ ಬಿಟ್ಟು ಮಕ್ಕೊಂಡವ?" ಅಂತ ಅಜ್ಜ ಬಾಗಿಲಲ್ಲೇ ಕೇಳಿದ.

ನಾನು ಪುಸ್ತಕ ತೋರಿಸಿದೆ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ಕೋಲು ಮೂಲೆಗಿಟ್ಟು, ನೆಲಕ್ಕೆ ಕುಂತು, ಒಂದೊಂದೇ ಹಾಳೆ ತಿರುವಿ ಬೆರಳಿಟ್ಟು ಕುರಿ ಎಣಿಸಿದ. ಕೊನೆಯ ಹಾಳೆಯಲ್ಲೂ ಅಷ್ಟೇ ಕುರಿ ಇದ್ದವು ಅಂತ ಗೊತ್ತಾದ ಮೇಲೆ ಉಸಿರು ಬಿಟ್ಟ.

"ಕುರಿ ಬರೋಬ್ಬರಿ ಅದಾವ," ಅಂದ. "ಆದ್ರ ಈ ಮಕ್ಕೊಂಡ ಮಗನ್ನ ನಾಳಿಗಿ ಕೆಲಸಕ್ಕ ಕರೀಬ್ಯಾಡ್ರಿ."

ತಲೆಕೆಳಗಾದ ಆನೆ

ಎರಡನೇ ವಾರಕ್ಕೆ ಸುಮ್ಮನೆ ಕುಂತು ಕುಂತು ನನಗೆ ಬ್ಯಾಸರಾಯಿತು. ಅಕ್ಕ ಉಪ್ಪಿಟ್ಟು ನೋಡಲು ಒಳಗೆ ಹೋದಾಗ ಆನೆಯ ಪುಸ್ತಕವನ್ನು ತಲೆಕೆಳಗೆ ಹಿಡಿದೆ. ಹುಡುಗರು "ಉಲ್ಟಾ ಹಿಡದೀರಿ" ಅಂತ ಕೂಗಬೇಕು, ನಾನು "ಇಲ್ಲ, ಬರೋಬ್ಬರಿ ಹಿಡದೇನಿ" ಅಂತ ವಾದ ಮಾಡಬೇಕು, ಇದು ನನ್ನ ಹಂಚಿಕೆ.

ಒಬ್ಬರೂ ಕೂಗಲಿಲ್ಲ. ಹದಿಮೂರು ಹುಡುಗರೂ ಎದ್ದರು, ನನಗೆ ಬೆನ್ನು ತಿರುಗಿಸಿದರು, ಬಗ್ಗಿ ತಮ್ಮ ಕಾಲ ಸಂದಿಯಿಂದ ಪುಸ್ತಕ ನೋಡತೊಡಗಿದರು. ಹಾಗೆ ನೋಡಿದರೆ ಆನೆ ನೆಟ್ಟಗೇ ಕಾಣುತ್ತದೆ. "ಆನಿ ನೀರು ಕುಡೀಲಕತ್ಯದ" ಅಂತ ಕಥೆಯೂ ಶುರುವಾಯಿತು. ಜಗಳ ಬಯಸಿದ್ದ ನಾನು ಪುಸ್ತಕ ಹಿಡಕೊಂಡೇ ಕುಂತೆ.

ಬಾಗಿಲು ನನ್ನ ಬೆನ್ನ ಹಿಂದಿತ್ತು. ಅಷ್ಟೊತ್ತಿಗೆ ಒಬ್ಬ ತಾಯಿ ಮಗಳನ್ನು ಕರೆದೊಯ್ಯಲು ಬಂದಳು. ಸಾಲಾಗಿ ನಿಂತ ಹದಿಮೂರು ಕುಂಡಿಗಳನ್ನು ಈ ಕಡೆಯಿಂದ ಆ ಕಡೆವರೆಗೆ ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ ಒಳಗೆ ಕೂಗಿ ಕೇಳಿದಳು:

"ಟೀಚರಕ್ಕಾ, ಇದರಾಗ ನಮ್ಮಕಿ ಯಾವಕಿರಿ?"

ಖರಾಬ್ ಮಾಲು

ಶನಿವಾರಕ್ಕೊಮ್ಮೆ ಒಂದು ಮನೆಗೆ ಒಂದು ಪುಸ್ತಕ ಕೊಟ್ಟು ಕಳಿಸುತ್ತಿದ್ದೆವು. ಒಂದು ಸೋಮವಾರ ಒಬ್ಬ ಹುಡುಗಿಯ ಅಪ್ಪ, ತೊಗರಿ ವ್ಯಾಪಾರದವನು, ಪುಸ್ತಕ ವಾಪಸ್ ತಂದು ಮೇಜಿನ ಮೇಲಿಟ್ಟ.

"ಮಾಲು ಖರಾಬ್ ಬಂದದರಿ. ಅಕ್ಷರ ಛಾಪಿಸೋದು ಮರ್ತಾರ. ಬದಲಿ ಮಾಡಿಸ್ರಿ."

"ಇದು ಹಿಂಗೇ ಇರ್ತದರಿ. ಚಿತ್ರ ನೋಡಿ ಕಥಿ ಮನ್ಯಾಗ ನೀವ ಕಟ್ಟಬೇಕು," ಅಂದಳು ಅಕ್ಕ. ಅವನು ಮತ್ತೆ ಒಯ್ದ. ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು, ಒಬ್ಬರ ಮುಖ ಆ ಕಡೆ, ಒಬ್ಬರದು ಈ ಕಡೆ. ಮೊದಲ ಚಿತ್ರದಲ್ಲಿ ಒಬ್ಬ ಹೆಂಗಸು ಚೀಲ ಹಿಡಿದು ನಗುತ್ತ ಮನೆಯಿಂದ ಹೊರಟಿದ್ದಾಳೆ.

"ಕೈಯಾಗ ಚೀಲ ಅದ, ಸಂತಿಗಿ ಹೊಂಟಾಳ. ಇದರಾಗ ಕೇಳೋದೇನದ?" ಅಂದ ಗಂಡ.

"ಸಂತಿಗಿ ಹೋಗೋರು ಹಿಂಗ ನಗ್ತಾರೇನ್ರಿ?" ಅಂದಳು ಹೆಂಡತಿ. "ಆಕಿ ತವರಮನಿಗಿ ಹೊಂಟಾಳ. ದೀಪಾವಳಿಗಿ ಕಳಸಿದ್ದಿಲ್ಲ, ಈಗ ಹೊಂಟಾಳ."

ಗಂಡ ಕೆಮ್ಮಿ ನನ್ನ ಕಡೆ ತಿರುಗಿದ. "ನೀ ಹೇಳಪ್ಪ, ಖರೇ ಕಥಿ ಏನದ?"

ನನಗೆ ಕಥೆ ಹೇಳುವ ಹುಕುಂ ಇಲ್ಲ. ಅದಕ್ಕೆ ಅವರ ಮಗಳನ್ನೇ ಕೇಳಿದೆ, "ಮನ್ಯಾಗ ಪುಸ್ತಕ ನೋಡೀದಿ ಅಲ್ಲವ್ವ, ಏನು ಕಾಣಿಸ್ತು?"

"ನಂಗ ಇನ್ನಾ ಕೊಟ್ಟೇ ಇಲ್ಲರಿ," ಅಂದಳು. "ಇವರದೇ ಮುಗಿದಿಲ್ಲ."

ಬಸ್ಸಿನೊಳಗಿನ ಬೆಕ್ಕು

ಮೂರು ತಿಂಗಳು ಮುಗಿಯಿತು. ನಾಳೆ ಬರುತ್ತೇನೆ ಅಂತ ಮ್ಯಾಡಮ್ ಫೋನ್ ಮಾಡಿದ್ದೇ ಅಕ್ಕ ಊಟ ಬಿಟ್ಟಳು. "ನಮ್ಮ ಹುಡುಗ್ರು ನಮ್ಮ ಮುಂದ ಮಾತಾಡ್ತಾವ. ಹೊಸಬ್ರು ಬಂದ್ರ ಬಾಯಿಗಿ ಬೀಗ. ಪೆಟ್ಟಿಗಿ ಹೋಯ್ತು ನೋಡು."

ಅವಳ ಮುಖ ನೋಡಲಾರದೆ ನಾನು ತಲೆ ಓಡಿಸಿದೆ. ಅವಳಿಗೆ ಗೊತ್ತಾಗದಂತೆ ಬೆಕ್ಕಿನ ಪುಸ್ತಕ ತೆಗೆದು, ಹಾಳೆಗೊಂದು ಮಾತು ಹುಡುಗರಿಗೆ ಬಾಯಿಪಾಠ ಮಾಡಿಸಿದೆ. ಒಂದನೇ ಹಾಳೆಗೆ ಬೆಕ್ಕು ಎದ್ದಿತು, ಎರಡನೇ ಹಾಳೆಗೆ ಬೆಕ್ಕು ಹಾಲು ಕುಡೀತು, ಹೀಗೆ.

ಮ್ಯಾಡಮ್ ಬಂದರು, ಪೆಟ್ಟಿಗೆಗೆ ಕೈ ಹಾಕಿದರು. ತೆಗೆದದ್ದು ಬಸ್ಸಿನ ಪುಸ್ತಕ. ಮೊದಲ ಹಾಳೆಯಲ್ಲಿ ಒಂದು ಕೆಂಪು ಬಸ್ಸು. "ಏನು ಕಾಣಸ್ತದ ಹೇಳ್ರಿ."

"ಬೆಕ್ಕು ಎದ್ದಿತು," ಅಂದರು ಹದಿಮೂರು ಮಂದಿ ಕೂಡಿ.

ಮ್ಯಾಡಮ್ ಕನ್ನಡಕ ಸರಿಮಾಡಿಕೊಂಡು ಹಾಳೆ ತಿರುವಿದರು. ಬಸ್ಸು ಸೇತುವೆಯ ಮೇಲೆ ಹೊರಟಿತ್ತು.

"ಬೆಕ್ಕು ಹಾಲು ಕುಡೀತು."

"ಇದು ಯಾರು ಹೇಳಿಕೊಟ್ಟಿದ್ದು?"

ಹದಿಮೂರು ಬೆರಳು ನನ್ನ ಕಡೆ ತಿರುಗಿದವು. ಕುರಿ ಮನೆಯ ಹುಡುಗ ಇನ್ನಷ್ಟು ಉಪಕಾರ ಮಾಡಿದ: "ಬ್ಯಾರೆ ಏನೂ ಮಾತಾಡಬ್ಯಾಡ್ರಿ ಅಂತನೂ ಹೇಳ್ಯಾರ."

ಮ್ಯಾಡಮ್ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಪುಸ್ತಕ ಮುಚ್ಚಿ ಪೆಟ್ಟಿಗೆಯಲ್ಲಿಟ್ಟು, "ಜೀಪಿನಾಗ ಇಡಪ್ಪ, ಔರಾದಕ್ಕ ಹೋಗೋಣ," ಅಂತ ಡ್ರೈವರಿಗೆ ಹೇಳಿದರು. ಅಕ್ಕ ಸೆರಗಿನ ತುದಿ ಹಿಡಿದು ನಿಂತಿದ್ದಳು, ನನ್ನ ಕಡೆ ನೋಡಲೂ ಇಲ್ಲ.

ಆಗ ಎಲ್ಲರಿಗಿಂತ ಸಣ್ಣ ಹುಡುಗಿ ಬಾಗಿಲಿಗೆ ಅಡ್ಡ ನಿಂತಳು. "ಬೆಕ್ಕು ಒಳಗದರಿ."

"ಎಲ್ಲದ?" ಅಂದರು ಮ್ಯಾಡಮ್.

"ಬಸ್ಸಿನಾಗ. ನೀವು ಪುಸ್ತಕ ಮುಚ್ಚಿದ್ರಿ, ಸಿಕ್ಕೊಂಡದ. ಅದು ಭಾಲ್ಕಿ ಬೆಕ್ಕು, ಔರಾದಕ್ಕ ಯಾಕ ಒಯ್ತೀರಿ?"

ಮ್ಯಾಡಮ್ ಡ್ರೈವರನ್ನು ನೋಡಿದರು. ಡ್ರೈವರ್ ಪೆಟ್ಟಿಗೆ ಕೆಳಗಿಟ್ಟ. ಅವರು ಕಟ್ಟೆಯ ಮೇಲೆ ಕುಂತು ಬಸ್ಸಿನ ಪುಸ್ತಕ ತೆರೆದರು. "ನಂಗ ಕಾಣವಲ್ದಲ್ಲ."

"ಹಿಂದಿನ ಸೀಟಿನ ಬುಡಕ ಅಡಗ್ಯದರಿ."

"ಯಾಕ ಅಡಗ್ಯದ?"

"ಟಿಕೇಟ್ ತಗೊಂಡಿಲ್ಲರಿ," ಅಂದ ಕುರಿ ಮನೆಯವನು.

"ಹೆಣ್ಣ ಬೆಕ್ಕಿಗಿ ಯಾಕಲೇ ಟಿಕೇಟ್? ಫ್ರೀ ಅದ," ಅಂದಳು ತೊಗರಿಯವರ ಹುಡುಗಿ.

"ಆಧಾರ್ ಕಾರ್ಡ್ ಮನ್ಯಾಗ ಬಿಟ್ಟು ಬಂದದ," ಅಂದಳು ಸಣ್ಣವಳು.

ಅಲ್ಲಿಂದ ಹಾಳೆ ಹಾಳೆಗೂ ವಾದ. ಒಬ್ಬ ಬೆಕ್ಕಿಗೆ ಹಾಲು ತಂದ, ಒಬ್ಬಳು ಸೀಟು ಹಿಡಿದಳು. ಮ್ಯಾಡಮ್ಮೇ ಕೊನೆಗೆ, "ಜಲ್ದಿ ಇಳಸ್ರಿ, ಕಂಡಕ್ಟರ್ ಬರ್ಲಕತ್ಯಾನ," ಅಂದರು. "ಹಿಂದಿನ ಬಾಗಿಲದಿಂದ ಇಳೀಲಿ," ಅಂದ ಡ್ರೈವರ್.

"ಇಳಿಯಂಗಿಲ್ಲರಿ," ಅಂದಳು ಸಣ್ಣವಳು. "ಹಾಲು ಕುಡಿದು ಮಕ್ಕೊಂಡದ."

ಮ್ಯಾಡಮ್ ಎದ್ದು ಸೀರೆ ಝಾಡಿಸಿಕೊಂಡರು. "ಅದು ಎದ್ದು ಇಳಿಯೂತನಕ ಪೆಟ್ಟಿಗಿ ಇಲ್ಲೇ ಇರ್ಲಿ," ಅಂತ ಅಕ್ಕನಿಗೆ ಹೇಳಿ ಹೋದರು.

ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಅಕ್ಕ ಸ್ಪೀಕರ್ ಹಾಕುತ್ತಾಳೆ. "ಬೆಕ್ಕು ಎದ್ದದೇನ್ರೋ?" ಅಂತ ಮ್ಯಾಡಮ್ ಕೇಳುತ್ತಾರೆ. ಹುಡುಗರು ಓಡಿಬಂದು ಫೋನಿನ ಸುತ್ತ ಕುಂತು, ನಾನು ಏನೂ ಹೇಳಿಕೊಡದೇನೇ, ದನಿ ಇಳಿಸುತ್ತಾರೆ.

"ಸಣ್ಣಗ ಮಾತಾಡ್ರಿ ಮ್ಯಾಡಮ್, ಎದ್ದುಬಿಡ್ತದ."