ಭಾವನ ಮೂತ್ರಪಿಂಡಗಳ ವಕಾಲತ್ತು

ಅದು 2022ನೆಯ ಇಸವಿ. ನನಗಾಗ ಐವತ್ತೊಂದು ವರ್ಷ. ಆ ವರ್ಷವೇ ನನ್ನ ಭಾವ ತಮ್ಮ ಎರಡೂ ಮೂತ್ರಪಿಂಡಗಳ ಪರವಾಗಿ ವಕೀಲರಾದರು. ಕಾನೂನು ಓದಿದವರಲ್ಲ. ಓದಿದ್ದು ಏಳನೆಯ ತರಗತಿ, ನಡೆಸುವುದು ಅಹಮದಾಬಾದಿನ ಮಣಿನಗರದಲ್ಲೊಂದು ಉಡುಪಿ ಹೋಟೆಲು. ಆದರೂ ಅಂಥ ವಕೀಲರನ್ನು ನಾನು ಕಂಡಿಲ್ಲ. ಕಕ್ಷಿದಾರರಿಬ್ಬರೂ ಅವರ ಹೊಟ್ಟೆಯೊಳಗೇ ಇದ್ದುದರಿಂದ ವಕೀಲರನ್ನು ಬದಲಿಸುವ ಸ್ವಾತಂತ್ರ್ಯ ಆ ಬಡಪಾಯಿಗಳಿಗೆ ಇರಲೂ ಇಲ್ಲ.

ನಾನು ಇಪ್ಪತ್ತೈದು ವರ್ಷ ಕನ್ನಡ ಮೇಷ್ಟರಾಗಿದ್ದು, ಸ್ವಯಂನಿವೃತ್ತಿ ಪಡೆದು, ಅಕ್ಕನ ಮನೆಯಲ್ಲಿ ನೆಲೆಸಿದವನು. ಹೋಟೆಲಿನ ಪತ್ರವ್ಯವಹಾರ ನನ್ನ ಪಾಲಿನದು. ಹೀಗಾಗಿ ವಕೀಲರ ಗುಮಾಸ್ತನ ಹುದ್ದೆಯೂ ನನಗೇ ಬಂದಿತು.

ರಕ್ತದೊತ್ತಡಕ್ಕೆ ಮಾತ್ರೆ ಕೊಡುತ್ತಿದ್ದ ಬಡಾವಣೆಯ ವೈದ್ಯರು ಒಂದು ದಿನ ರಕ್ತಪರೀಕ್ಷೆಯ ವರದಿಯನ್ನು ನೋಡಿ, "ಕಾಕಾ, ಕಿಡ್ನಿ ಸ್ವಲ್ಪ ನಿಧಾನವಾಗಿದೆ. ಉಪ್ಪು ಕಡಿಮೆ ಮಾಡಿ, ವರ್ಷ ಬಿಟ್ಟು ಬನ್ನಿ" ಎಂದು ಕರೆಗಂಟೆಗೆ ಕೈಹಾಕಿದರು. ಊಟ ಮುಗಿದರೂ ಏಳದ ಗಿರಾಕಿಯ ಮುಂದೆ ಮೂರು ಸಲ ಮೇಜು ಒರೆಸಿ ಎಬ್ಬಿಸುವ ವಿದ್ಯೆ ಭಾವನಿಗೆ ಗೊತ್ತು. ತಾವು ಏಳುವುದು ಮಾತ್ರ ಗೊತ್ತಿಲ್ಲ. (ಅವರ ಗುಜರಾತಿಯನ್ನು ಇಲ್ಲಿ ಅವರದೇ ಕನ್ನಡಕ್ಕೆ ಮರಳಿಸಿದ್ದೇನೆ, ಮೂಲವನ್ನು ಕೇಳಿದರೆ ಎರಡೂ ಭಾಷೆಯವರಿಗೆ ನೋವಾದೀತು.)

"ಸ್ವಲ್ಪ ಅಂದ್ರೆ ಎಷ್ಟು, ಸಾಹೇಬ್?"

"ಎರಡನೆಯ ಹಂತ. ಐದರಲ್ಲಿ ಎರಡು."

"ಒಂದು ಇದ್ದಾಗ ಎಂತಕ್ಕೆ ಹೇಳಲಿಲ್ಲ?"

ವೈದ್ಯರು ಗಂಟೆಯ ಮೇಲಿಂದ ಕೈ ತೆಗೆದರು.

"ಐದಕ್ಕೆ ಹೋದ್ರೆ?"

"ಡಯಾಲಿಸಿಸ್. ವಾರಕ್ಕೆ ಮೂರು ದಿನ ಯಂತ್ರದ ಪಕ್ಕ ಮಲಗಬೇಕಾಗುತ್ತದೆ. ಆದರೆ ಅದು ದೂರದ ಮಾತು, ಕಾಕಾ."

ವಸ್ತ್ರಾಪುರದ ಮೂತ್ರಪಿಂಡ ತಜ್ಞರಿಗೆ ಒಂದು ಪತ್ರವನ್ನು ಬರೆಸಿಕೊಂಡ ನಂತರವೇ ಭಾವ ಎದ್ದದ್ದು. ರಿಕ್ಷಾ ಮನೆಯ ತಿರುವಿಗೆ ಬಂದಾಗ, "ಎರಡರಲ್ಲೇ ನಿಲ್ಲಿಸ್ಬೇಕು ಮಾರಾಯ. ಮೂರಕ್ಕೆ ಬಿಡುದಿಲ್ಲ" ಎಂದರು. ವ್ಯಾಜ್ಯದ ವಿಷಯ ಇಷ್ಟೇ.

ಅಂದಿನಿಂದ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಹೋಟೆಲಿನ ಆರ್ಡರ್ ಚೀಟಿಯಲ್ಲಿ ಬರೆಯುವುದು ನನ್ನ ಕೆಲಸವಾಯಿತು. 'ತಮ್ಮ ಅಮೂಲ್ಯ ಅಭಿಪ್ರಾಯವನ್ನು ದಯಪಾಲಿಸುವಿರಾ' ಎಂದು ನಾನು ಆರಂಭಿಸಿದರೆ ಭಾವ ಚೀಟಿಯನ್ನು ಹರಿದೇ ಬಿಟ್ಟರು. "ಪ್ರಶ್ನೆ ಬರಿ ಮಾರಾಯ. ಇಷ್ಟೆಲ್ಲ ಓದುವಷ್ಟರಲ್ಲಿ ಕಿಡ್ನಿ ಮೂರಕ್ಕೆ ಹೋಗ್ತದೆ."

ತಜ್ಞರು ತಾಳ್ಮೆಯ ತರುಣಿ. ಹೊರಗಡೆ ಊಟ ಮಾಡುತ್ತೀರಾ ಎಂದು ಮೊದಲ ದಿನವೇ ಕೇಳಿದರು. "ಒಂದು ದಿನವೂ ಇಲ್ಲ" ಎಂದರು ಭಾವ, ಎದೆಯ ಮೇಲೆ ಕೈಯಿಟ್ಟು. ತಜ್ಞೆ ಸಂತೋಷದಿಂದ ಬರೆದುಕೊಂಡರು. ಆರು ತಿಂಗಳಾದರೂ ರಕ್ತದೊತ್ತಡ ಇಳಿಯಲಿಲ್ಲ, ಮೂತ್ರದಲ್ಲಿ ಪ್ರೋಟೀನು ಹೋಗುವುದೂ ನಿಲ್ಲಲಿಲ್ಲ. ಕೊನೆಗೆ ಅವರು ದಿನಚರಿಯನ್ನು ವಿಚಾರಿಸಿದರು. ಬೆಳಗ್ಗೆ ಸಾಂಬಾರಿನ ಹಂಡೆಯಿಂದ ಎಡ ಅಂಗೈಗೆ ಒಂದು ಸೌಟು, ಮೂರು ಬಗೆಯ ಚಟ್ನಿ, ಪಲ್ಯ, ಸಾಗು. ಸಂಜೆ ಅದೇ ಮೆರವಣಿಗೆ ಮತ್ತೊಮ್ಮೆ.

"ಹೊರಗೆ ತಿನ್ನುವುದಿಲ್ಲ ಎಂದಿದ್ದಿರಿ?"

"ಹೊರಗೆ ಎಲ್ಲಿ? ಅದು ನನ್ನದೇ ಹೋಟೆಲ್ ಅಲ್ವಾ? ಮತ್ತೆ ಅದು ರುಚಿ ನೋಡುದು, ತಿನ್ನುದಲ್ಲ. ರುಚಿ ನೋಡಿದ್ದಕ್ಕೆ ಬಿಪಿ ಬರುದಾದ್ರೆ ನೈವೇದ್ಯ ಮಾಡಿಸಿಕೊಳ್ಳುವ ದೇವರಿಗೆ ಮೊದಲು ಬರ್ಬೇಕಿತ್ತು."

ದೇವರ ರಕ್ತದೊತ್ತಡವನ್ನು ಅಳೆದವರಾರು? ಅಂತೂ ಸೌಟು ಅಡುಗೆಭಟ್ಟರ ಕೈಗೆ ಹೋಯಿತು. ಭಾವ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಗಿರಾಕಿಗಳ ನೀರಿನ ಲೋಟಗಳನ್ನು ದಿಟ್ಟಿಸತೊಡಗಿದರು. ಎರಡು ಲೋಟ ಕುಡಿದರೆ ಉಪ್ಪು ಸರಿ. ಮೂರನೆಯದಕ್ಕೆ ಕೈಯೆತ್ತಿದರೆ ಒಳಗೆ ಕೂಗು: "ಭಟ್ರೇ, ಸಾಂಬಾರಿಗೆ ನೀರು ಹೊಯ್ಯಿ." ನಾಲಿಗೆಗೆ ಸೋಕಿಸದೆ ಉಪ್ಪು ಹೇಳುವ ಈ ವಿದ್ಯೆಯಲ್ಲಿ ಅವರು ತಪ್ಪಿದ್ದು ಒಮ್ಮೆ ಮಾತ್ರ: ನಾಲ್ಕು ಲೋಟ ಕುಡಿದವನಿಗೆ ಬಿಕ್ಕಳಿಕೆ ಬಂದಿತ್ತು!

ಬಳಿಕ ವಡೋದರಾದ ಪ್ರಕರಣ. ಫತೇಗಂಜಿನಲ್ಲಿ ಉಪಾಹಾರ ಗೃಹ ನಡೆಸುವ ದಾಯಾದಿಯ ಮನೆಗೆ ಹೋದಾಗ ಭಾವನ ಮಂಡಿ ಊದಿಕೊಂಡಿತು. ಮೂಳೆ ವೈದ್ಯರು ನೋವಿನ ಮಾತ್ರೆ ಬರೆದರು. ಭಾವ ಚೀಟಿಯ ಮೇಲೆ ಎರಡೂ ಅಂಗೈ ಊರಿದರು.

"ಇದು ಕಿಡ್ನಿಗೆ ಆಗ್ತದಾ?"

"ಕಿಡ್ನಿ ತೊಂದರೆ ಇದೆಯೆ? ಮೊದಲೇ ಹೇಳಬಾರದೆ?"

"ನೀವು ಮಂಡಿ ಮಾತ್ರ ಕೇಳಿದ್ದು."

ಮಾತ್ರೆ ಹೋಗಿ ಹಚ್ಚುವ ಮುಲಾಮು ಬಂದಿತು. ಅಂದಿನಿಂದ ಕೇಳುವ ಮೊದಲೇ ಹೇಳುವ ವ್ರತ. ಹಲ್ಲಿನ ವೈದ್ಯರಿಗೆ ಹೇಳಿದರು, ಸರಿ. ಕನ್ನಡಕದ ಅಂಗಡಿಯಲ್ಲಿ ಹೇಳಿದರು. ಕ್ಷೌರಿಕನಿಗೂ ಗಂಭೀರವಾಗಿ, "ನನಗೆ ಕಿಡ್ನಿ ಎರಡನೇ ಹಂತ" ಎಂದರು. ಅವನು ಕತ್ತರಿಯನ್ನು ಕೆಳಗಿಟ್ಟು, "ಹಾಗಾದರೆ ಗಡ್ಡ ಬೇಡವೇ, ಕಾಕಾ?" ಎಂದು ಕೇಳಿದನು.

ಹೀಗೆ ಮೂರು ವರ್ಷ ಕಳೆದವು. ಕಳೆದ ಆಗಸ್ಟಿನಲ್ಲಿ ತಜ್ಞೆ ಹಳೆಯ ವರದಿಗಳನ್ನೆಲ್ಲ ಸಾಲಾಗಿ ಹರಡಿ ಹೊಸದನ್ನು ಪಕ್ಕದಲ್ಲಿಟ್ಟರು. ಭಾವ ಕುರ್ಚಿಯ ಅಂಚಿಗೆ ಸರಿದರು. "ಎರಡರಲ್ಲೇ ಇದ್ದೀರಿ, ಕಾಕಾ. ಪ್ರೋಟೀನೂ ಇಳಿದಿದೆ. ಹೀಗೆಯೇ ನೋಡಿಕೊಂಡರೆ ಸಾಕು. ಇಂದು ಪ್ರಶ್ನೆಗಳಿಲ್ಲವೆ?"

ನಾನು ಬರೆದುಕೊಟ್ಟ ಚೀಟಿಯನ್ನು ಭಾವ ಜೇಬಿನಿಂದ ತೆಗೆಯಲೇ ಇಲ್ಲ. ಬಾಗಿಲ ಬಳಿ ಕುಳಿತಿದ್ದ ಅಕ್ಕನ ಕಡೆಗೆ ತಿರುಗಿದರು.

"ಮೇಡಂ, ರೋಗ ನನ್ನದು. ಇವಳು ಮೂರು ವರ್ಷದಿಂದ ನನ್ನ ಸಪ್ಪೆಯನ್ನೇ ಉಣ್ತಾಳೆ. ಮಿಡಿ ಉಪ್ಪಿನಕಾಯಿ ಇಲ್ಲದೆ ಗಂಜಿ ಮುಟ್ಟದ ಹೆಂಗಸು. ಇವಳ ಪರೀಕ್ಷೆ ಎಲ್ಲ ಸರಿ ಉಂಟು, ನಾನೇ ಮಾಡಿಸಿದ್ದೇನೆ. ಉಪ್ಪಿನಕಾಯಿ ತಿನ್ಬಹುದು ಅಂತ ಬರೆದುಕೊಡಿ. ನಾನು ಹೇಳಿದ್ರೆ ಕೇಳುದಿಲ್ಲ."

"ನೀವು ಸುಮ್ಮನಿರಿ" ಎಂದಳು ಅಕ್ಕ, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಅದೇ ಮೇಜಿನಲ್ಲಿ, ನನ್ನ ಪಾಲಿನ ಉಪ್ಪನ್ನು ಬೇರೆಯಾಗಿ ಬಡಿಸಿಕೊಂಡು, ಮೂರು ವರ್ಷ ಉಂಡವನು ನಾನು. ಅವಳ ತಟ್ಟೆಯನ್ನು ಒಮ್ಮೆಯೂ ನೋಡಿರಲಿಲ್ಲ.

ತಜ್ಞೆ ನಗದೆ ಬರೆದರು: ಊಟದ ಜೊತೆ ಒಂದು ಮಿಡಿ. ಭಾವ ಚೀಟಿಯನ್ನು ಹಿಂದಕ್ಕೆ ತಳ್ಳಿ, ಸಹಿ ಹಾಕಿಸಿಕೊಂಡು, ತಾರೀಕನ್ನೂ ಬರೆಯಿರಿ ಎಂದರು. ಅವರು ಬರೆದರು: 14 ಆಗಸ್ಟ್ 2025.